ಕಂಬಳಿ ಹೊದಿಸಿದ ಕೈ

ಜೇಮ್ಸ್ ಮಾಸ್ಟ್ರು ಪದ್ಯದ ಮೂರನೆಯ ಸಾಲಿಗೆ ಬಂದಾಗ ವೆರೊನಿಕಾಳ ಬೆರಳ ಸಂದಿಯಲ್ಲಿದ್ದ ಬಾಳೆನಾರು ತುಂಡಾಯಿತು. ಇಪ್ಪತ್ತೊಂದು ವರ್ಷ ಮಲ್ಲಿಗೆ ಕಟ್ಟಿದ ಕೈ ಅದು. ನಾರು ತುಂಡಾಗುವುದೇನಿದ್ದರೂ ಹೊಸಬರಿಗೆ. ಅವಳು ತಲೆಯೆತ್ತದೆ ನೀರಿನಲ್ಲಿ ನೆನೆಸಿಟ್ಟ ಇನ್ನೊಂದು ನಾರು ಎಳೆದುಕೊಂಡಳು. ಮಾಸ್ಟ್ರು ಚಾವಡಿಯ ಬೆಂಚಿನ ಮೇಲೆ ಕೂತು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ವಾರಪತ್ರಿಕೆಯನ್ನು ಬೆಳಕಿಗೆ ಹಿಡಿದು ರಾಗವಾಗಿ ಓದುತ್ತಿದ್ದರು.

“ಮಾತು ಬಾರದ ಅಪ್ಪ, ಮುದ್ದು ಮಾಡದ ಅಪ್ಪ
ಡಿಸೆಂಬರಿನ ನಸುಕಿನಲಿ ಮೆಲ್ಲ ಬಂದು
ಹೊದ್ದ ಕಂಬಳಿ ತೆಗೆದು ನನ್ನ ಮೈಗೆ ಹೊದಿಸಿ
ನಡೆದನಿಬ್ಬನಿಯೊಳಗೆ ಬರಿಮೈಯಲಿ.

ತಣ್ಣನೆಯ ಕೈಯೊಂದು ಕೆನ್ನೆ ಸವರಿತು ಒಮ್ಮೆ,
ಬಾಳೆನಾರಿನ ವಾಸನೆಯ ಕೈ;
ಹೇಳದೇ ಉಳಿದದ್ದ ಆ ಕೈಯೆ ಹೇಳಿತ್ತು,
ಕೇಳಿಸಿತು ನನಗೀಗ, ಈ ವಯಸ್ಸಿನಲಿ.”

ಓದಿ ಮುಗಿಸಿ ಮಾಸ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. “ಕೇಳಿದಿರಾ ಇಮ್ಯಾನುಯೆಲ್ ಬಾಪ್ಪು? ನಿಮ್ಮ ಮಗ ಬರೆದದ್ದು. ಉಡುಪಿಯಿಂದ ಮಂಗಳೂರಿನವರೆಗೆ ಎಲ್ಲರೂ ಇದನ್ನೇ ಮಾತಾಡ್ತಾ ಇದ್ದಾರೆ. ನಮ್ಮ ಶಂಕರಪುರದಲ್ಲಿ ಹುಟ್ಟಿದ ಹುಡುಗ, ಕನ್ನಡದಲ್ಲಿ ಹೀಗೆ ಬರೀತಾನೆ ಅಂದರೆ ಸಣ್ಣ ಮಾತಲ್ಲ.”

ಆರಾಮಕುರ್ಚಿಯಲ್ಲಿದ್ದ ಮುದುಕ ಇಮ್ಯಾನುಯೆಲ್, ಅವಳ ಅಪ್ಪ, ಮಾತಿನವನಲ್ಲ. ದಿನಕ್ಕೆ ಹತ್ತು ಮಾತಾಡಿದರೆ ಅದರಲ್ಲಿ ಎಂಟು ಹೂವಿನ ವಿಷಯ. ಅಂಗಳದ ಕಡೆ ನೋಡುತ್ತಲೇ, “ಇನ್ನೊಮ್ಮೆ ಓದಿ ಮಾಸ್ಟ್ರೇ” ಎಂದ.

ಮಾಸ್ಟ್ರು ಇನ್ನೊಮ್ಮೆ ಓದಿದರು. ವೆರೊನಿಕಾ ಇನ್ನೊಮ್ಮೆ ಕೇಳಿದಳು. ಇಪ್ಪತ್ತೈದು ದಾಟದ ಹುಡುಗನಿಗೆ ‘ಈ ವಯಸ್ಸು’ ಅಂತೆ! ಅದನ್ನಾದರೂ ನಕ್ಕು ಬಿಡಬಹುದಿತ್ತು. ಆದರೆ ಆ ಕಂಬಳಿಯನ್ನು ಬಿಡುವುದು ಅವಳಿಂದ ಆಗಲಿಲ್ಲ. ಯಾಕೆಂದರೆ ಆ ಕಂಬಳಿ ಹೊದಿಸಿದ್ದು ಅಪ್ಪನಲ್ಲ. ಅವಳು.

ಘಟ್ಟದ ಮೇಲಿನವರ ಹತ್ತಿರ ನಮ್ಮ ಕರಾವಳಿಯ ಚಳಿಯ ಮಾತೆತ್ತಿದರೆ ನಗುತ್ತಾರೆ. ನಗಲಿ. ಡಿಸೆಂಬರಿನಲ್ಲಿ ಬೆಳಗ್ಗೆ ಐದಕ್ಕೆ, ಇಬ್ಬನಿಯಲ್ಲಿ ನೆನೆದ ಮಲ್ಲಿಗೆ ಗಿಡದೊಳಗೆ ಬರಿಗೈ ಹಾಕಿ ನೋಡಲಿ, ಆಮೇಲೆ ಮಾತಾಡೋಣ. ಬೇಸಿಗೆಯಲ್ಲಾದರೆ ಗಿಡದ ತುಂಬ ಮೊಗ್ಗು, ಕಣ್ಣು ಮುಚ್ಚಿ ಕೊಯ್ಯಬಹುದು. ಚಳಿಗಾಲದಲ್ಲಿ ಹೂ ಕಡಿಮೆ, ಬೇಡಿಕೆ ಜಾಸ್ತಿ. ಎಲೆಯ ಅಡಿಯಲ್ಲಿ ಅಡಗಿ ಕೂತ ಒಂದೊಂದು ಮೊಗ್ಗನ್ನೂ ಲಾಟೀನು ಹಿಡಿದು ಹುಡುಕಬೇಕು. ಬಿಸಿಲೇರುವ ಮೊದಲು ಕೊಯ್ದು, ಕಟ್ಟಿ, ಬಾಳೆಲೆಯಲ್ಲಿ ಸುತ್ತಿ ಉಡುಪಿಯ ಬಸ್ಸಿಗೆ ಮುಟ್ಟಿಸಬೇಕು. ಮೊಗ್ಗಾಗಿದ್ದರೆ ಮಾತ್ರ ಅದು ಮಲ್ಲಿಗೆ. ಅರಳಿದ್ದನ್ನು ಯಾರೂ ಮೂಸುವುದಿಲ್ಲ.

ತಾಯಿ ಎಸ್ತರ್ ಮೂರನೆಯ ಹೆರಿಗೆಯಲ್ಲಿ ಮಗುವಿನ ಜೊತೆಗೇ ತೀರಿಹೋದಾಗ ವೆರೊನಿಕಾಳಿಗೆ ಹನ್ನೊಂದು, ತಮ್ಮ ಬೆಂಜಮಿನ್‌ಗೆ ನಾಲ್ಕು. ಹೆಣ ಮಣ್ಣಾದ ಮೂರನೆಯ ದಿನ ಅಪ್ಪ ಮಗಳ ಶಾಲೆಯ ಸ್ಲೇಟನ್ನು ಅಟ್ಟದ ಮೇಲಿಟ್ಟು ಕೈಗೆ ಹೂವಿನ ಬುಟ್ಟಿ ಕೊಟ್ಟ. ಯಾಕೆಂದು ಅವನೂ ಹೇಳಲಿಲ್ಲ, ಅವಳೂ ಕೇಳಲಿಲ್ಲ. ಅಕ್ಕತಮ್ಮಂದಿರಿಗೆ ಇದ್ದದ್ದು ಒಂದು ಚಾಪೆ, ಕಾರ್ಕಳದ ಸಂತೆಯಿಂದ ತಂದ ಒಂದು ಕರಿ ಕಂಬಳಿ. ನಸುಕಿಗೆ ಅಪ್ಪ ಬಾಗಿಲ ದಾರಂದಕ್ಕೆ ಬಡಿದರೆ ಅವಳು ಏಳಬೇಕು. ಎದ್ದು ಕಂಬಳಿಯ ತನ್ನ ಪಾಲನ್ನು ಮಡಚಿ ತಮ್ಮನ ಮೇಲೆ ಎರಡು ಪದರ ಮಾಡಿ ಹೊದಿಸುತ್ತಿದ್ದಳು. ಅವನು ಎಚ್ಚರವಾದರೆ ಬೆನ್ನಿಗೆ ಬಿದ್ದು ಅಳುತ್ತಾನೆಂದು, ನಿದ್ದೆ ಬಂದಿದೆಯೇ ಎಂದು ಕೆನ್ನೆ ಮುಟ್ಟಿ ನೋಡುತ್ತಿದ್ದಳು. ಒಂದು ದಿನವಲ್ಲ, ಒಂದು ಚಳಿಗಾಲವಲ್ಲ, ಎಂಟು ಚಳಿಗಾಲ. ಅರೆನಿದ್ದೆಯ ಹುಡುಗನಿಗೆ ತಾಗಿದ್ದು ತಣ್ಣನೆಯ ಒಂದು ಕೈ ಮತ್ತು ಬಾಳೆನಾರಿನ ವಾಸನೆ. ಆ ಮನೆಯಲ್ಲಿ ಎರಡು ಜೋಡಿ ಕೈಗೂ ಅದೇ ವಾಸನೆ. ದೊಡ್ಡವನಾದ ಮೇಲೆ ಅವನು ಅದನ್ನು ಅಪ್ಪನ ಕೈಯೆಂದು ಮಾಡಿಕೊಂಡ.

ಹೂವಿನಿಂದ ನಾರೂ ಸ್ವರ್ಗ ಸೇರಿತು ಎನ್ನುತ್ತಾರೆ. ಈ ಮನೆಯಲ್ಲಿ ಹೂ ಮಣಿಪಾಲದ ಕಾಲೇಜಿನವರೆಗೆ ಹೋಗಿ ಉಪನ್ಯಾಸಕನಾಯಿತು. ನಾರು ಇಲ್ಲೇ ನೀರಿನ ಚಟ್ಟಿಯಲ್ಲಿ ಉಳಿಯಿತು. ನಡುವೆ ಕಾರ್ಕಳದಿಂದ ಪ್ಯಾಟ್ರಿಕ್ ಎಂಬ ದರ್ಜಿಯ ಸಂಬಂಧ ಬಂದಿತ್ತು. ಒಳ್ಳೆಯ ಹುಡುಗ, ವೆರೊನಿಕಾಳಿಗೂ ಮನಸ್ಸಿತ್ತು. “ಈ ವರ್ಷದ ಹೂ ಮುಗಿಯಲಿ” ಎಂದ ಅಪ್ಪ. ಹೂ ಯಾವಾಗ ಮುಗಿಯುತ್ತದೆ? ಮರುವರ್ಷ ಪ್ಯಾಟ್ರಿಕ್ ಮೂಡುಬೆಳ್ಳೆಯ ಹುಡುಗಿಯನ್ನು ಮದುವೆಯಾದ. ವೆರೊನಿಕಾ ಅದನ್ನೂ ನುಂಗಿಕೊಂಡಳು. ಸ್ಲೇಟು ಹೋಯಿತು, ಮದುವೆ ಹೋಯಿತು. ಅವು ಅವಳಿಂದ ಬೇರೆಯವರು ಕಿತ್ತುಕೊಂಡದ್ದು. ಆದರೆ ಆ ಕಂಬಳಿ ಅವಳು ತಾನಾಗಿ ಕೊಟ್ಟದ್ದು. ಜೀವಮಾನದಲ್ಲಿ ಅವಳು ತನ್ನ ಖುಷಿಯಿಂದ ಕೊಟ್ಟದ್ದು ಅದೊಂದೇ. ಅದನ್ನೂ ಬೇರೆಯವರ ಹೆಸರಿನಲ್ಲಿ ಅಚ್ಚು ಹಾಕಿಸಿಬಿಟ್ಟರಲ್ಲ. ಆ ಪದ್ಯದಲ್ಲಿ ಇಬ್ಬನಿ ಇತ್ತು, ಅಪ್ಪ ಇದ್ದ. ಅಕ್ಕ ಎಂಬ ಎರಡಕ್ಷರ ಎಲ್ಲಿಯೂ ಇರಲಿಲ್ಲ.

ಆಮೇಲೆ ಶುರುವಾಯಿತು ನೋಡಿ, ಜನ ಬರುವುದು. ಇಗರ್ಜಿಯಲ್ಲಿ ಪಾದ್ರಿಗಳ ಪೂಜೆ ಮುಗಿದ ಮೇಲೆ ನಾಲ್ಕು ಮಂದಿ ಇಮ್ಯಾನುಯೆಲನ ಸುತ್ತ ನಿಲ್ಲುವರು. ಇಡೀ ಜನ್ಮದಲ್ಲಿ ಅವನನ್ನು ಒಂದು ದಿನವೂ ಮಾತಾಡಿಸದವರು ಮನೆಗೆ ಬಂದು ಕಾಫಿ ಕುಡಿದು, “ನಿಮ್ಮಂಥ ತಂದೆ ಬೇಕು” ಎನ್ನುವರು. ಕಾಫಿ ಮಾಡುವವಳು ವೆರೊನಿಕಾ. ಮೊದಮೊದಲು ಮುದುಕ ಸುಮ್ಮನೆ ತಲೆಯಾಡಿಸುತ್ತಿದ್ದ. ವಾರ ಕಳೆದ ಮೇಲೆ “ಆಗ ಚಳಿ ಜೋರಿತ್ತು” ಎನ್ನಲು ಕಲಿತ. ಹದಿನೈದು ದಿನವಾಗುವಾಗ “ಮಗು ಚಳಿಯಲ್ಲಿ ಮುದುಡಿ ಮಲಗಿರ್ತಿತ್ತು” ಎಂದು ತಾನೇ ನೋಡಿದವನ ಹಾಗೆ ಹೇಳತೊಡಗಿದ. ಜೇಮ್ಸ್ ಮಾಸ್ಟ್ರು ಬಂದಾಗಲೆಲ್ಲ ಅವರಿಂದ ಪದ್ಯ ಓದಿಸುವನು. ಮುದುಕನಿಗೆ ಕನ್ನಡ ಅಕ್ಷರ ಬಾರದು.

ಒಂದು ದಿನ ಅವಳು ಕೇಳಿಯೇಬಿಟ್ಟಳು. ಗಂಜಿ ಬಡಿಸುತ್ತ, ದನಿ ಏರಿಸದೆ.

“ಪಪ್ಪಾ, ಆ ಕಂಬಳಿ ಹೊದಿಸಿದ್ದು ನೀವಾ?”

ಇಮ್ಯಾನುಯೆಲ್ ಗಂಜಿಯ ಬಟ್ಟಲು ನೋಡಿದ. ಉಪ್ಪಿನಕಾಯಿ ನೋಡಿದ. “ಅವನು ಓದಿದವನು. ಸುಳ್ಳು ಬರೀತಾನಾ?” ಎಂದ.

ಹಾವಿನ ದ್ವೇಷ ಹನ್ನೆರಡು ವರುಷ ಎಂಬುದು ಗಾದೆ. ವೆರೊನಿಕಾಳಿಗೆ ಅಷ್ಟು ಕಾಯುವ ಅಗತ್ಯ ಬೀಳಲಿಲ್ಲ. ಡಿಸೆಂಬರ್ ಮೊದಲ ಭಾನುವಾರ ಪಾದ್ರಿಗಳು ಪೀಠದಿಂದಲೇ ಘೋಷಣೆ ಮಾಡಿದರು: ಕ್ರಿಸ್ಮಸ್ ಕಳೆದ ಮೂರನೆಯ ದಿನ ಸಂಜೆ ನಾಲ್ಕಕ್ಕೆ ಶಾಲೆಯ ಅಂಗಳದಲ್ಲಿ ಸಭೆ. ಕವಿ ಬೆಂಜಮಿನ್ ತನ್ನ ಪದ್ಯ ಓದುತ್ತಾನೆ. ತಂದೆ ಇಮ್ಯಾನುಯೆಲರಿಗೆ ಮಾಲೆ ಹಾಕಿ ಸನ್ಮಾನ. ಪೂಜೆ ಮುಗಿದು ಹೊರಗೆ ಬಂದಾಗ ಪಾದ್ರಿಗಳು ವೆರೊನಿಕಾಳನ್ನು ನಿಲ್ಲಿಸಿದರು.

“ಮಾಲೆ ನೀನೇ ಕಟ್ಟಬೇಕು ವೆರೊನಿಕಾ. ಈ ಊರಲ್ಲಿ ನಿನ್ನ ಹಾಗೆ ಕಟ್ಟುವವರು ಯಾರುಂಟು?”

“ಆಗಬಹುದು ಫಾದರ್” ಎಂದಳು ಅವಳು. ನಕ್ಕಳು ಕೂಡ. ಅವಳು ನಕ್ಕದ್ದನ್ನು ಕಂಡು ಪಾದ್ರಿಗಳಿಗೆ ಸಂತೋಷವಾಯಿತು.

ನಗದೆ ಏನು ಮಾಡಿಯಾಳು? ಮೂರು ವಾರದಿಂದ ಹುಡುಕುತ್ತಿದ್ದ ಜಾಗ ಸಿಕ್ಕಿತ್ತು. ಮೊದಲೇ ಹೇಳಿದ್ದರೆ ಊರವರು ಹೊಟ್ಟೆಕಿಚ್ಚು ಎನ್ನುತ್ತಿದ್ದರು. ಪತ್ರ ಬರೆದರೆ ಬೆಂಜಮಿನ್ ಓದಿ, ನಾಲ್ಕು ದಿನ ನೊಂದು, ಅದಕ್ಕೂ ಒಂದು ಪದ್ಯ ಬರೆದಾನು. ಇಲ್ಲ. ಅವನು ಮೈಕಿನ ಮುಂದೆ ನಿಲ್ಲಬೇಕು. ಊರೆಲ್ಲ ಕೂತಿರಬೇಕು. ಅಪ್ಪನ ಕೊರಳಲ್ಲಿ ಮಾಲೆ ಇರಬೇಕು. ಆಗ ಆ ಮೂರನೆಯ ಸಾಲು ಅವನ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಳ್ಳಬೇಕು. ಹೇಳಿದರೂ ಕೆಟ್ಟ, ಬಿಟ್ಟರೂ ಕೆಟ್ಟ. ಆಗ ನಿಜ ಹೇಳದೆ ಅವನಿಗೆ ದಾರಿ ಇರುವುದಿಲ್ಲ. ಯಾವಾಗ, ಹೇಗೆ ಎಂಬುದನ್ನೂ ಅವಳು ಗೊತ್ತುಮಾಡಿಕೊಂಡಳು.

ಕೊಂಕಣಿ ಕ್ರೈಸ್ತರ ಮನೆಗಳಲ್ಲಿ ಒಂದು ಪದ್ಧತಿ ಉಂಟು. ಸಂಜೆಯ ಜಪಮಾಲೆ ಪ್ರಾರ್ಥನೆ ಮುಗಿದ ಮೇಲೆ ಕಿರಿಯರು ಒಬ್ಬೊಬ್ಬರಾಗಿ ಹಿರಿಯರ ಮುಂದೆ ಕೈಜೋಡಿಸಿ “ಬೆಸಾಂವ್ ದಿ” ಎಂದು ಆಶೀರ್ವಾದ ಬೇಡುತ್ತಾರೆ. “ದೇವರು ಒಳ್ಳೆಯದು ಮಾಡಲಿ” ಎಂದು ಹಿರಿಯರು ಕೈಯೆತ್ತುತ್ತಾರೆ. ದೂರ ಪ್ರಯಾಣಕ್ಕೆ, ಪರೀಕ್ಷೆಗೆ, ಯಾವ ದೊಡ್ಡ ಕೆಲಸಕ್ಕೆ ಹೊರಟರೂ ಬೆಸಾಂವ್ ಪಡೆಯದೆ ಹೊಸ್ತಿಲು ದಾಟುವುದಿಲ್ಲ. ಸಾಕಿದವಳೆಂದು ಬೆಂಜಮಿನ್ ಅಪ್ಪನ ನಂತರ ಅಕ್ಕನ ಮುಂದೆಯೂ ಕೈಜೋಡಿಸುತ್ತಿದ್ದ. ಇಷ್ಟು ವರ್ಷದಲ್ಲಿ ವೆರೊನಿಕಾ ಒಮ್ಮೆಯೂ ಕೊಡದೆ ಕಳಿಸಿರಲಿಲ್ಲ. ಜಗಳವಾಡಿದ ದಿನವೂ ಕೊಟ್ಟಿದ್ದಳು.

ಸಭೆಯ ದಿನ ಬೆಳಗ್ಗೆ ಹನ್ನೆರಡು ಮನೆಗಳ ಹೂ ಅವಳ ಚಾವಡಿಗೆ ಬಂತು. ಒಂದೇ ಮನೆಯ ಗಿಡದಿಂದ ಡಿಸೆಂಬರಿನಲ್ಲಿ ಅಂಥ ಮಾಲೆ ಆಗುವ ಹಾಗಿರಲಿಲ್ಲ. ಅವಳು ಮಧ್ಯಾಹ್ನದವರೆಗೆ ಕಟ್ಟಿದಳು. ಮೊಗ್ಗಿಗೆ ಮೊಗ್ಗು ತಾಗುವಂತೆ, ಎಲ್ಲಿಯೂ ಗಂಟು ಕಾಣದಂತೆ. ಕೆಲಸದಲ್ಲಿ ಅವಳು ಸೇಡು ತೀರಿಸುವವಳಲ್ಲ. ನೆರೆಮನೆಯ ಮನೋರಮಾ, ದಿನಾ ಊರಿನ ಹೂಗಳನ್ನು ಬಸ್ಸಿಗೆ ಒಯ್ಯುವವಳು, ಬಂದು ನೋಡಿ, “ಇದು ಉಡುಪಿಯ ಯಾವ ಮದುವೆಗೂ ಸಿಕ್ಕುವುದಿಲ್ಲ ಮಾರಾಯ್ತಿ” ಎಂದಳು.

ಮೂರೂವರೆಗೆ ಬೆಂಜಮಿನ್ ಹೊರಟ. ಬಿಳಿ ಅಂಗಿ, ಮಣಿಪಾಲದಲ್ಲಿ ಹೊಲಿಸಿದ ಕೋಟು, ಕೈಯಲ್ಲಿ ಮಡಚಿದ ಪತ್ರಿಕೆ. ಅಪ್ಪನ ಬೆಸಾಂವ್ ಪಡೆದ. ಅಪ್ಪ ಜೇಮ್ಸ್ ಮಾಸ್ಟ್ರ ಜೊತೆ ಮುಂದೆ ನಡೆದ. ಬೆಂಜಮಿನ್ ಅಡುಗೆಮನೆಯ ಬಾಗಿಲಿಗೆ ಬಂದು ಕೈಜೋಡಿಸಿದ.

“ಅಕ್ಕಾ, ಬೆಸಾಂವ್ ದಿ.”

ವೆರೊನಿಕಾ ಕೈ ಒರೆಸಿಕೊಂಡಳು. ಕೈ ಎತ್ತಲಿಲ್ಲ.

“ಬೆನ್ನಾ, ಒಂದು ಕೇಳ್ತೇನೆ, ನೆನಪು ಮಾಡಿ ಹೇಳು. ಆ ಕೈ, ನಿನ್ನ ಕೆನ್ನೆ ಮುಟ್ಟಿದ ಕೈ, ದೊಡ್ಡದಿತ್ತಾ ಸಣ್ಣದಿತ್ತಾ?”

ಅವನು ನಕ್ಕ. “ಎಂತ ಅಕ್ಕ, ಹೊರಡುವಾಗ...”

“ನಿನ್ನ ಎಡಗಿವಿ ಸೋರ್ತಿತ್ತು. ಕಂಬಳಿಯ ಉಣ್ಣೆ ತಾಗಿದರೆ ನೀನು ನರಳ್ತಿದ್ದಿ. ಅದಕ್ಕೆ ಕಿವಿಯ ಹತ್ತಿರ ಮಮ್ಮಿಯ ಹಳೆ ಸೀರೆಯ ತುಂಡು ಒತ್ತಿಡಬೇಕಿತ್ತು. ಹಳದಿ ತುಂಡು. ಅದು ನಿನ್ನ ಪದ್ಯದಲ್ಲಿ ಇಲ್ಲ. ಪಪ್ಪನನ್ನು ಕೇಳು, ಅವರಿಗೆ ಗೊತ್ತುಂಟಾ ಆ ತುಂಡಿನ ವಿಷಯ? ಕಂಬಳಿ ಹೊದಿಸಿದ್ದು ನಾನು ಬೆನ್ನಾ. ಹನ್ನೊಂದು ವರ್ಷದ ಕೈ. ಪಪ್ಪ ಹೊರಗೆ ನಿಂತು ಬೇಗ ಬಾ ಅಂತ ದಾರಂದಕ್ಕೆ ಬಡೀತಿದ್ದರು.”

ಬೆಂಜಮಿನ್‌ನ ಜೋಡಿಸಿದ ಕೈ ಹಾಗೆಯೇ ಇತ್ತು. ಅವನ ಮುಖದಲ್ಲಿ ಮೊದಲು ಸಿಟ್ಟು, ಆಮೇಲೆ ಲೆಕ್ಕಾಚಾರ, ಆಮೇಲೆ ಆ ಹಳದಿ ತುಂಡಿನ ನೆನಪು ಬಂದುಹೋದದ್ದನ್ನು ವೆರೊನಿಕಾ ಒಂದೊಂದಾಗಿ ನೋಡಿದಳು. ಅವಳಿಗೆ ಅದು ಹಿತವಾಗಿತ್ತು. ಸುಳ್ಳು ಯಾಕೆ ಹೇಳಬೇಕು, ಬಹಳ ಹಿತವಾಗಿತ್ತು.

“ಅಕ್ಕ, ನೀನು ಯಾಕೆ ಮೊದಲೇ...”

“ನೀನು ಕೇಳಿದ್ದಿಯಾ?” ಎಂದಳು ಅವಳು. “ಹೋಗು, ಹೊತ್ತಾಯಿತು. ಫಾದರ್ ಕಾಯ್ತಾರೆ.”

ಬೆಸಾಂವ್ ಇಲ್ಲದೆ ಅವನು ಹೊಸ್ತಿಲು ದಾಟಿದ. ಅವಳು ಮಾಲೆಯನ್ನು ಬಾಳೆಲೆಯಲ್ಲಿ ಸುತ್ತಿ ಹಿಂದೆಯೇ ಹೊರಟಳು.

ಶಾಲೆಯ ಅಂಗಳದಲ್ಲಿ ಕಟಪಾಡಿಯಿಂದ ತರಿಸಿದ ಮೈಕು ಕೀಚಲು ದನಿ ಮಾಡುತ್ತಿತ್ತು. ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ. ವೆರೊನಿಕಾ ಮೊದಲ ಸಾಲಿನಲ್ಲೇ ಕೂತಳು. ಸಾಮಾನ್ಯವಾಗಿ ಅವಳು ಕೊನೆಯ ಸಾಲಿನವಳು. ಪಾದ್ರಿಗಳು ನಾಲ್ಕು ಮಾತಾಡಿದರು. ಜೇಮ್ಸ್ ಮಾಸ್ಟ್ರು ನಲವತ್ತು ಮಾತಾಡಿದರು. ಮಾಲೆ ಇಮ್ಯಾನುಯೆಲನ ಕೊರಳಿಗೆ ಬಿತ್ತು. ತೆಳ್ಳಗಿನ ಮುದುಕ, ಮಾಲೆಯ ಭಾರಕ್ಕೆ ಕುತ್ತಿಗೆ ಸ್ವಲ್ಪ ಮುಂದೆ ಬಾಗಿತು. ಅವನು ಅದನ್ನು ಎರಡೂ ಕೈಯಿಂದ ಹಿಡಿದುಕೊಂಡು ಕೂತ.

ಬೆಂಜಮಿನ್ ಮೈಕಿನ ಮುಂದೆ ಬಂದ. ಪತ್ರಿಕೆ ಬಿಡಿಸಿದ.

“ಮಾತು ಬಾರದ ಅಪ್ಪ, ಮುದ್ದು ಮಾಡದ ಅಪ್ಪ,” ಎಂದ. “ಡಿಸೆಂಬರಿನ ನಸುಕಿನಲಿ ಮೆಲ್ಲ ಬಂದು...”

ಅಷ್ಟೇ. ಮುಂದೆ ಬರಲಿಲ್ಲ. ಮೈಕಿನಲ್ಲಿ ಅವನ ಉಸಿರು ಕೇಳಿಸಿತು. ಅವನು ಹೆಂಗಸರ ಕಡೆ ನೋಡಿದ. ವೆರೊನಿಕಾ ಕಣ್ಣು ತಪ್ಪಿಸಲಿಲ್ಲ. ನೋಡಲಿ, ಚೆನ್ನಾಗಿ ನೋಡಲಿ ಎಂದು ಬೆನ್ನು ನೆಟ್ಟಗೆ ಮಾಡಿ ಕೂತಳು. ಯಾರೋ ಕೆಮ್ಮಿದರು. ಪಾದ್ರಿಗಳು ಕುರ್ಚಿಯ ಅಂಚಿಗೆ ಸರಿದರು. ಇನ್ನು ಹೇಳುತ್ತಾನೆ, ಇನ್ನೊಂದು ಗಳಿಗೆ, ನನ್ನ ಹೆಸರು ಹೇಳಿಯೇ ಹೇಳುತ್ತಾನೆ ಎಂದು ಅವಳು ಕಾದಳು. ಇಪ್ಪತ್ತೊಂದು ವರ್ಷದಲ್ಲಿ ಮೊದಲ ಬಾರಿಗೆ ಅವಳಿಗೆ ತಾನು ಯಾರೋ ಒಬ್ಬಳು ಅನಿಸಿತು.

ತಾನೊಂದು ಬಗೆದರೆ ದೈವವೊಂದು ಬಗೆಯಿತು. ಕುರ್ಚಿಯ ಸದ್ದಾಯಿತು. ಇಮ್ಯಾನುಯೆಲ್ ಎದ್ದು ನಿಂತಿದ್ದ. ಮಗ ಸಾಲು ಮರೆತನೆಂದು ಮುದುಕ ತಿಳಿದ. ಮಾಲೆ ಹಿಡಿದುಕೊಂಡೇ ನಾಲ್ಕು ಹೆಜ್ಜೆ ಬಂದು, ಮೈಕಿಗೆ ತೀರ ಬಾಯಿ ತಾಗಿಸಿ, ಕೊಂಕಣಿ ಬೆರೆತ ತನ್ನ ಹರಕು ಕನ್ನಡದಲ್ಲಿ ಹೇಳಿಕೊಟ್ಟ:

“ಹೊದ್ದ ಕಂಬಳಿ ತೆಗೆದು... ನನ್ನ ಮೈಗೆ ಹೊದಿಸಿ... ನಡೆದನಿಬ್ಬನಿಯೊಳಗೆ... ಬರಿಮೈಯಲಿ.”

ಅಂಗಳವೆಲ್ಲ ಚಪ್ಪಾಳೆ ತಟ್ಟಿತು. ಅಂಥ ಚಪ್ಪಾಳೆಯನ್ನು ಆ ಶಾಲೆಯ ಹೆಂಚು ಕೇಳಿರಲಿಲ್ಲ. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಅಕ್ಷರ ಬಾರದ ತಂದೆ ಮಗನ ಪದ್ಯವನ್ನು ಬಾಯಿಪಾಠ ಮಾಡಿಕೊಂಡಿದ್ದಾನೆ! ವೆರೊನಿಕಾಳ ಪಕ್ಕದ ಹೆಂಗಸು ಅವಳ ಕೈ ಹಿಡಿದು, “ನಿನ್ನ ಪುಣ್ಯ” ಎಂದಳು. ವೆರೊನಿಕಾ ಕೈ ಬಿಡಿಸಿಕೊಂಡಳು.

ಚಪ್ಪಾಳೆ ಇಳಿಯಿತು. ಬೆಂಜಮಿನ್ ಮೈಕು ಹಿಡಿದುಕೊಂಡ. “ನಾನು ಒಂದು ಮಾತು ಹೇಳಬೇಕು,” ಎಂದ. “ಈ ಕಂಬಳಿಯ ವಿಷಯ...”

ಆಗ ಇಮ್ಯಾನುಯೆಲ್ ಕೈಯೆತ್ತಿ ಮಗನ ಹೆಗಲ ಮೇಲಿಟ್ಟ. ಅದುವರೆಗೆ ಅವನು ಮಗನನ್ನು ಹಾಗೆ ಮುಟ್ಟಿದ್ದನ್ನು ಯಾರೂ ನೋಡಿರಲಿಲ್ಲ. ವೆರೊನಿಕಾಳೂ ನೋಡಿರಲಿಲ್ಲ. ಬೆಂಜಮಿನ್ ತಲೆ ತಿರುಗಿಸಿ ಆ ಕೈಯನ್ನು ನೋಡಿದ. ದೊಡ್ಡ ಕೈ, ಉಗುರುಗಳೆಲ್ಲ ಒಡೆದದ್ದು. ಅವನು ತುಟಿ ಒದ್ದೆ ಮಾಡಿಕೊಂಡ.

“ಕಂಬಳಿಯ ವಿಷಯ ನನಗಿಂತ ನನ್ನ ತಂದೆಯವರಿಗೇ ಚೆನ್ನಾಗಿ ನೆನಪುಂಟು” ಎಂದ.

ಜನ ನಕ್ಕರು. ಮತ್ತೆ ಚಪ್ಪಾಳೆ ತಟ್ಟಿದರು. ಉಳಿದ ಸಾಲುಗಳನ್ನು ಅವನು ತಡವರಿಸದೆ ಓದಿ ಮುಗಿಸಿದ. ಮತ್ತೆ ಹೆಂಗಸರ ಕಡೆ ನೋಡಲಿಲ್ಲ.

ಅವನಿಗೆ ಗೊತ್ತಿರದೆ ಬರೆದಾಗ ಅದು ತಪ್ಪು. ಗೊತ್ತಿದ್ದೂ ಓದಿದ ಮೇಲೆ ಅದು ಕಳವು. ಅಷ್ಟು ವ್ಯತ್ಯಾಸ ವೆರೊನಿಕಾಳಿಗೆ ತಿಳಿಯುತ್ತಿತ್ತು. ಬೆಳಗ್ಗೆ ಅವಳಿಗೆ ಒಬ್ಬ ಮಂಕು ತಮ್ಮ ಇದ್ದ. ಸಂಜೆಗೆ ಕಳ್ಳನಾದ. ಅವಳೇ ಅವನನ್ನು ಹಾಗೆ ಮಾಡಿದ್ದು. ಸಭೆ ಮುಗಿದದ್ದೇ ಬೆಂಜಮಿನ್ ಮನೆಗೆ ಬಾರದೆ, ನಾಳೆ ಕಾಲೇಜಿನಲ್ಲಿ ಕೆಲಸ ಉಂಟೆಂದು ಜೇಮ್ಸ್ ಮಾಸ್ಟ್ರಲ್ಲಿ ಹೇಳಿ ಬಸ್ಸು ಹತ್ತಿದ. ಕ್ರಿಸ್ಮಸ್ ರಜೆಯಲ್ಲಿ ಯಾವ ಕಾಲೇಜು ಎಂದು ಕೇಳಲು ಮಾಸ್ಟ್ರಿಗೂ ಹೊಳೆಯಲಿಲ್ಲ.

ಆ ಸಂಜೆ ತಂದೆ ಮಗಳು ಇಬ್ಬರೇ ಜಪಮಾಲೆ ಹೇಳಿದರು. ಇಮ್ಯಾನುಯೆಲ್ ಮಾಲೆ ತೆಗೆದಿರಲಿಲ್ಲ. ಮೊಗ್ಗುಗಳೆಲ್ಲ ಬಿರಿದು ಮನೆ ತುಂಬ ಪರಿಮಳ. ಪ್ರಾರ್ಥನೆ ಮುಗಿದ ಮೇಲೆ ವೆರೊನಿಕಾ ಕೈಜೋಡಿಸಲಿಲ್ಲ. ಚಿಮಿಣಿ ದೀಪದ ಬತ್ತಿ ಸರಿ ಮಾಡುತ್ತ ನಿಂತಳು. ಮುದುಕ ಸ್ವಲ್ಪ ಹೊತ್ತು ಕಾದ.

“ನೀನು ಅವನಿಗೆ ಎಂತದೋ ಹೇಳಿದ್ದಿ” ಎಂದ.

“ಇದ್ದದ್ದು ಹೇಳಿದೆ.”

“ಹೂಂ.” ಅವನು ಮಾಲೆಯ ಒಂದು ಹೂವನ್ನು ಬೆರಳಲ್ಲಿ ತಿರುಗಿಸಿದ. “ನಾನು ಲಾಟೀನು ಹಿಡಿದು ಹೊರಗೆ ನಿಲ್ತಿದ್ದೆ. ಬಾಗಿಲು ತೆರೆದೇ ಇರ್ತಿತ್ತು. ನನಗೆ ಒಳಗೆ ಕಾಣ್ತಿತ್ತು ವೆರೊ. ದಿನಾ ಕಾಣ್ತಿತ್ತು.”

ಬತ್ತಿ ಮೇಲೇರಿ ಗಾಜು ಕಪ್ಪಾಯಿತು. ವೆರೊನಿಕಾ ಅದನ್ನು ಇಳಿಸಲು ಮರೆತಳು. ಅಪ್ಪ ಮರೆತಿದ್ದಾನೆ ಎಂದುಕೊಂಡಿದ್ದಳು. ಮುದಿತನ, ಜನ ಹೇಳಿದ್ದನ್ನು ನಂಬಿದ್ದಾನೆ ಎಂದುಕೊಂಡಿದ್ದಳು. ಅಷ್ಟಕ್ಕೆ ಕ್ಷಮಿಸಲೂ ಒಂದು ದಾರಿ ಇತ್ತು.

“ಗೊತ್ತಿದ್ದೂ ಸುಮ್ಮನಿದ್ದಿರಾ?”

“ಅವನು ಅಷ್ಟು ಪ್ರೀತಿಯಿಂದ ಕೊಟ್ಟದ್ದು. ನನ್ನದಲ್ಲ ಅಂತ ಹೇಗೆ ಹೇಳುವುದು? ಹೇಳಿದರೆ ನನ್ನ ಹತ್ತಿರ ಎಂತ ಉಳೀತದೆ? ನಾನು ಅವನಿಗೆ ಹೊದಿಸಿದ್ದು ಯಾವುದೂ ಇಲ್ಲ.” ಜೀವಮಾನದಲ್ಲಿ ಅವನು ಒಟ್ಟಿಗೆ ಅಷ್ಟು ಮಾತಾಡಿದ್ದು ಅದೇ ಮೊದಲು. ಉಸಿರು ಎಳೆದುಕೊಂಡು ಕೊನೆಗೆ, “ನಿನಗೂ ಆಗ ಚಳಿ ಆಗ್ತಿತ್ತು” ಎಂದ.

ವೆರೊನಿಕಾ ಇಷ್ಟು ವರ್ಷ ಆ ಮಾತಿಗೆ ಕಾದಿದ್ದಳು. ಬಂದರೆ ಅತ್ತುಬಿಟ್ಟೇನು ಎಂದು ಹೆದರಿಯೂ ಇದ್ದಳು. ಈಗ ಬಂತು. ಅಳು ಬರಲಿಲ್ಲ. ಊರಿಗೆಲ್ಲ ಮೈಕಿನಲ್ಲಿ ಸುಳ್ಳು, ಅವಳೊಬ್ಬಳಿಗೆ ಚಿಮಿಣಿ ದೀಪದ ಮುಂದೆ ನಿಜ. ಹಳಸಿದ ಗಂಜಿಯನ್ನು ಬಿಸಿ ಮಾಡಿ ಬಡಿಸಿದ ಹಾಗಾಯಿತು. ಅವಳು ದೀಪ ಇಳಿಸಿ, “ಊಟಕ್ಕೆ ಏಳಿ” ಎಂದಳು.

ಮರುದಿನ ಅವಳು ಬೆಳಕು ಹರಿದ ಮೇಲೆ ಎದ್ದಳು. ಮುಖ ತೊಳೆದು, ಕಾಫಿ ಮಾಡಿ, ಲೋಟ ಹಿಡಿದು ಜಗಲಿಯ ಮೆಟ್ಟಿಲ ಮೇಲೆ ಕೂತಳು. ಇಮ್ಯಾನುಯೆಲ್ ಬುಟ್ಟಿ ಹಿಡಿದು ಅಂಗಳದಲ್ಲಿ ನಿಂತಿದ್ದ. ಎಷ್ಟು ಹೊತ್ತಿನಿಂದಲೋ.

“ಇವತ್ತು ಕೊಯ್ಯುವುದಿಲ್ಲ” ಎಂದಳು.

“ಹೂ ಅರಳಿಬಿಡ್ತದೆ ವೆರೊ.”

“ಅರಳಲಿ.”

ಮುದುಕ ಗಿಡಗಳ ನಡುವೆ ಹೋದ. ಕಣ್ಣಿಗೆ ಪೊರೆ ಬಂದು ಎರಡು ವರ್ಷ. ಎಲೆ ಯಾವುದು, ಮೊಗ್ಗು ಯಾವುದು ಎಂದು ಬೆರಳಿನಿಂದ ತಡವಿ ಐದಾರು ಕೊಯ್ದ. ಆಮೇಲೆ ಸೊಂಟ ಹಿಡಿದುಕೊಂಡು, ಬುಟ್ಟಿಯನ್ನು ಕವುಚಿ ಹಾಕಿ ಅದರ ಪಕ್ಕ ಕೂತ. ಅವಳು ಎದ್ದು ಹೋಗಿ ಎಬ್ಬಿಸಲಿಲ್ಲ. ಒಂಬತ್ತಕ್ಕೆ ಮನೋರಮಾ ಹೂ ಒಯ್ಯಲು ಬಂದಳು. ಬರಿ ಚಾವಡಿ ನೋಡಿ, ಅವರಿವರ ಮುಖ ನೋಡಿದಳು.

“ಎಂತ ವೆರೊನಿಕಾ, ಹುಷಾರಿಲ್ವಾ?”

“ಹುಷಾರುಂಟು” ಎಂದಳು ವೆರೊನಿಕಾ. “ನಾಳೆಯೂ ಬರಬೇಡ. ಹೂ ಇರುವುದಿಲ್ಲ.”

ಇಡೀ ದಿನ ಅವಳು ಮನೆಯ ಕೆಲಸ ಮಾಡಿದಳು. ಅಪ್ಪನಿಗೆ ಹೊತ್ತು ಹೊತ್ತಿಗೆ ಅನ್ನ ಬಡಿಸಿದಳು. ಮೀನು ಕೂಡ ಹುರಿದಳು. ಸಂಜೆ ಬಿಸಿಲು ಇಳಿದು, ಕಾಪುವಿನ ಕಡೆಯಿಂದ ಗಾಳಿ ಬೀಸತೊಡಗಿದಾಗ ಮತ್ತೆ ಬಂದು ಮೆಟ್ಟಿಲ ಮೇಲೆ ಕೂತಳು. ಆಗ ಗಿಡಗಳಲ್ಲಿ ಅಲ್ಲೊಂದು ಇಲ್ಲೊಂದು ಬಿಳಿ ಮೊಗ್ಗು ಬಿರಿಯತೊಡಗಿತು. ಮೊದಲು ಬೇಲಿಯ ಬದಿಯ ಗಿಡ, ಆಮೇಲೆ ಬಾವಿಯ ಹತ್ತಿರದ್ದು, ಆಮೇಲೆ ಎಲ್ಲ. ಹೆಚ್ಚೇನೂ ಇರಲಿಲ್ಲ, ಚಳಿಗಾಲದ ಹೂ. ಆದರೆ ಹುಟ್ಟಿದಂದಿನಿಂದ ಆ ಮನೆಯಲ್ಲಿದ್ದ ವೆರೊನಿಕಾ ತನ್ನ ತೋಟದ ಮಲ್ಲಿಗೆ ಗಿಡದಲ್ಲೇ ಅರಳಿದ್ದನ್ನು ನೋಡಿದ್ದು ಅದೇ ಮೊದಲು. ರಸ್ತೆಯಲ್ಲಿ ಹೋಗುತ್ತಿದ್ದವರು ಪರಿಮಳಕ್ಕೆ ನಿಂತು, ಒಳಗೆ ಇಣುಕಿ, ಮುಂದೆ ಹೋದರು. ಇಮ್ಯಾನುಯೆಲ್ ಗಿಡಗಳ ನಡುವೆ ನಿಂತು ಒಂದು ಅರಳಿದ ಹೂವಿನ ಕಡೆ ಕೈ ಚಾಚಿದ. ಅದನ್ನು ಹೇಗೆ ಹಿಡಿಯಬೇಕೆಂದು ತಿಳಿಯದೆ, ಕೈಯನ್ನು ಹಾಗೆಯೇ ಚಾಚಿಕೊಂಡು ನಿಂತಿದ್ದ.